ಏರ್‌ಬ್ಯಾಗ್ ಎಣಿಸುವ ಮೊದಲು ಬೆಲ್ಟ್ ನೋಡಿ

ಕಾರು ಕೊಳ್ಳಲು ಹೊರಟವರು ಸುರಕ್ಷತೆಯ ಮಾತು ಬಂದೊಡನೆ ಕೇಳುವ ಮೊದಲ ಪ್ರಶ್ನೆ, ‘ಇದರಲ್ಲಿ ಎಷ್ಟು ಏರ್‌ಬ್ಯಾಗ್ ಇವೆ?’ ಎರಡಿದ್ದರೆ ಕಡಿಮೆ, ಆರಿದ್ದರೆ ಒಳ್ಳೆಯದು, ಏಳಿದ್ದರೆ ಇನ್ನೂ ಒಳ್ಳೆಯದು ಎಂದು ಲೆಕ್ಕ ಹಾಕಿ ಮುಂದಿನ ವಿಷಯಕ್ಕೆ ಹೋಗಿಬಿಡುತ್ತೇವೆ. ಕಾರಿನ ಸೌಲಭ್ಯಗಳ ಪಟ್ಟಿಯಲ್ಲಿ ಅದಕ್ಕಿಂತ ನಾಲ್ಕಾರು ಸಾಲು ಕೆಳಗೆ ‘ಪ್ರಿಟೆನ್ಷನರ್ ಮತ್ತು ಲೋಡ್ ಲಿಮಿಟರ್ ಸಹಿತ ಸೀಟ್ ಬೆಲ್ಟ್’ ಎಂದು ಬರೆದಿರುತ್ತದೆ. ಢಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಬಿಗಿಯುವುದು ಪ್ರಿಟೆನ್ಷನರ್, ಎಳೆತ ಮಿತಿ ಮೀರಿದಾಗ ತುಸು ಬಿಟ್ಟುಕೊಡುವುದು ಲೋಡ್ ಲಿಮಿಟರ್. ಆ ಸಾಲಿನ ಬಗ್ಗೆ ಪ್ರಶ್ನೆ ಕೇಳುವವರು ಅಪರೂಪ. ನನ್ನ ಕೋರಿಕೆ ಇಷ್ಟೇ: ಆ ಸಾಲನ್ನು ಮೊದಲು ಓದಿ. ಅದು ಮುಂದಿನ ಎರಡು ಸೀಟುಗಳಿಗೆ ಮಾತ್ರವೋ, ಹಿಂದಿನ ಸೀಟಿಗೂ ಅನ್ವಯಿಸುತ್ತದೆಯೋ ಎಂದು ಕೇಳಿ. ಏರ್‌ಬ್ಯಾಗುಗಳ ಎಣಿಕೆ ಆಮೇಲಿನ ಕೆಲಸ.

ಸ್ಟೀರಿಂಗ್ ಚಕ್ರದ ಮೇಲೋ ಡ್ಯಾಶ್‌ಬೋರ್ಡಿನ ಮೇಲೋ ‘ಎಸ್‌ಆರ್‌ಎಸ್’ ಎಂಬ ಮೂರು ಅಕ್ಷರ ನೀವು ನೋಡಿರಬಹುದು. ಅದರ ಮೊದಲ ಅಕ್ಷರ ಸೂಚಿಸುವ ಪದದ ಅರ್ಥ ‘ಪೂರಕ’. ಏರ್‌ಬ್ಯಾಗ್ ಪೂರಕವಾಗಿರುವುದು ಬೆಲ್ಟಿಗೆ. ಬೆಲ್ಟ್ ತನ್ನ ಪಾಲಿನ ಕೆಲಸ ಮಾಡಿರುತ್ತದೆ ಎಂಬ ನಂಬಿಕೆಯ ಮೇಲೆಯೇ ಅದನ್ನು ರೂಪಿಸಲಾಗಿದೆ.

ಎಂಬತ್ತಾರು ಮಿಲಿಸೆಕೆಂಡುಗಳ ಲೆಕ್ಕ

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಕಾರು ಗಟ್ಟಿ ಗೋಡೆಗೆ ನೇರವಾಗಿ ಗುದ್ದಿತು ಎಂದುಕೊಳ್ಳಿ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯ ಮಟ್ಟದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಇರುವ ವೇಗವೂ ಇದೇ. ಕಾರಿನ ಮೂತಿ 60 ಸೆಂಟಿಮೀಟರಿನಷ್ಟು ನಜ್ಜುಗುಜ್ಜಾಗಿ ಕಾರು ನಿಲ್ಲುತ್ತದೆ. ವೇಗ ಒಂದೇ ಸಮನಾಗಿ ಇಳಿಯಿತು ಎಂದು ಹಿಡಿದರೆ ಇಷ್ಟಕ್ಕೂ ತಗಲುವ ಸಮಯ 86 ಮಿಲಿಸೆಕೆಂಡು. ಎವೆಯಿಕ್ಕುವಷ್ಟರಲ್ಲಿ ಎನ್ನುತ್ತೇವಲ್ಲ, ಎವೆಯಿಕ್ಕಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಬೆಲ್ಟ್ ಇಲ್ಲದೆ ಕುಳಿತವರಿಗೆ ಈ 86 ಮಿಲಿಸೆಕೆಂಡುಗಳಲ್ಲಿ ಏನೂ ಆಗುವುದಿಲ್ಲ. ಅಪಾಯ ಇರುವುದು ಅಲ್ಲಿಯೇ. ಕಾರು ನಿಧಾನವಾಗುತ್ತಿದ್ದರೂ ಅವರ ದೇಹ ಅದೇ 50ರ ವೇಗದಲ್ಲಿ ಮುಂದೆ ಸಾಗುತ್ತಿರುತ್ತದೆ. ಎದೆಗೂ ಡ್ಯಾಶ್‌ಬೋರ್ಡಿಗೂ ನಡುವೆ 60 ಸೆಂಟಿಮೀಟರ್ ಅಂತರ ಇದ್ದರೆ, ಕಾರು ಪೂರ್ತಿ ನಿಂತ ಗಳಿಗೆಯಲ್ಲಿಯೇ ಅವರು ಪೂರ್ತಿ ವೇಗದಲ್ಲಿ ಹೋಗಿ ಬಡಿಯುತ್ತಾರೆ. ಅಲ್ಲಿ ನಿಲ್ಲಲು ಸಿಗುವುದು ಹೆಚ್ಚೆಂದರೆ ಐದು ಸೆಂಟಿಮೀಟರ್. ಆಗ ದೇಹದ ಮೇಲೆ ಬೀಳುವ ಬಲ ತನ್ನದೇ ತೂಕದ ಹತ್ತಿರ ಹತ್ತಿರ 200 ಪಟ್ಟು. ಅದೇ ದೇಹವನ್ನು ಮೊದಲ ಕ್ಷಣದಿಂದಲೇ ಸೀಟಿಗೆ ಬಿಗಿದು ಕಾರಿನ ಜೊತೆಜೊತೆಗೇ ನಿಲ್ಲಿಸಿದರೆ ಬೀಳುವುದು ಸುಮಾರು 16 ಪಟ್ಟು. ನಜ್ಜುಗುಜ್ಜಾದ ಆ 60 ಸೆಂಟಿಮೀಟರ್ ಲೋಹವನ್ನು ಇಬ್ಬರಲ್ಲಿ ಒಬ್ಬರು ಬಳಸಿಕೊಂಡರು, ಇನ್ನೊಬ್ಬರು ಬಳಸಿಕೊಳ್ಳಲಿಲ್ಲ.

ಈಗ ಮೂರನೆಯ ವ್ಯಕ್ತಿಯನ್ನು ನೋಡೋಣ. ಅವರು ಬೆಲ್ಟ್ ಹಾಕಿದ್ದಾರೆ, ಆದರೆ ಅದು ಸಡಿಲವಾಗಿದೆ. ದಪ್ಪ ಉಡುಪು, ಸ್ವಲ್ಪ ಮುಂದಕ್ಕೆ ಬಾಗಿ ಕುಳಿತ ಭಂಗಿ, ಸುರುಳಿಯಲ್ಲಿ ಅಡಗಿರುವ ಪಟ್ಟಿಯ ಸಡಿಲು ಎಲ್ಲ ಸೇರಿ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಈ 10 ಸೆಂಟಿಮೀಟರ್ ಸಡಿಲು ಮುಗಿದು ಪಟ್ಟಿ ಬಿಗಿಯಾಗುವ ಹೊತ್ತಿಗೆ 35 ಮಿಲಿಸೆಕೆಂಡು ಕಳೆದಿರುತ್ತದೆ. ಒಟ್ಟು 86ರಲ್ಲಿ 35 ವ್ಯರ್ಥ. ಅಷ್ಟರಲ್ಲಿ ಕಾರಿಗೂ ದೇಹಕ್ಕೂ ನಡುವಿನ ವೇಗದ ವ್ಯತ್ಯಾಸ ಗಂಟೆಗೆ 20 ಕಿಲೋಮೀಟರ್ ಮುಟ್ಟಿರುತ್ತದೆ. ಅಂದರೆ ಬೆಲ್ಟ್ ಹಾಕಿಕೊಂಡಿದ್ದರೂ ಆ ವೇಗದಲ್ಲಿ ಹೋಗಿ ಬೆಲ್ಟಿಗೇ ಗುದ್ದಿದಂತೆ.

ಪ್ರಿಟೆನ್ಷನರ್ ಹುಟ್ಟಿದ್ದು ಈ 35 ಮಿಲಿಸೆಕೆಂಡುಗಳನ್ನು ಉಳಿಸಲು.

ಅದರ ಒಳಗೆ ಪುಟ್ಟ ಮದ್ದಿನ ಬಿಲ್ಲೆ ಇರುತ್ತದೆ. ಢಿಕ್ಕಿ ಗಂಭೀರ ಎಂದು ಸೆನ್ಸರ್‌ಗಳು ತಿಳಿಸಿದೊಡನೆ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆಯೇ ಅದಕ್ಕೂ ಕಿಡಿ ಕೊಡುತ್ತದೆ. ಮದ್ದು ಉರಿದು ಹುಟ್ಟಿದ ಅನಿಲ ಒಂದು ಪಿಸ್ಟನ್ನನ್ನೋ ಕೊಳವೆಯೊಳಗಿನ ಲೋಹದ ಗುಂಡುಗಳ ಸಾಲನ್ನೋ ದಬ್ಬಿ, ಪಟ್ಟಿ ಸುತ್ತಿರುವ ಸುರುಳಿಯನ್ನು ಹಿಮ್ಮುಖವಾಗಿ ತಿರುಗಿಸುತ್ತದೆ. ಕೆಲವೇ ಮಿಲಿಸೆಕೆಂಡುಗಳಲ್ಲಿ 10 ಸೆಂಟಿಮೀಟರಿಗೂ ಹೆಚ್ಚು ಪಟ್ಟಿಯನ್ನು ಒಳಗೆಳೆದುಕೊಳ್ಳಬಲ್ಲದು. ದೇಹ ಇನ್ನೂ ಮುಂದಕ್ಕೆ ಜಾರುವ ಮೊದಲೇ ಬೆನ್ನು ಸೀಟಿಗೆ ಒತ್ತಿಕೊಂಡಿರುತ್ತದೆ. ಏರ್‌ಬ್ಯಾಗ್ ಪೂರ್ತಿ ಉಬ್ಬುವುದು ಇದಾದ ಮೇಲೆ.

ಬಿಗಿದು ಹಿಡಿದರಷ್ಟೇ ಸಾಲದು. ಎದೆಯ ಮೇಲೆ ಅಡ್ಡಲಾಗಿ ಹೋಗುವ ಎರಡಂಗುಲದ ಪಟ್ಟಿ ಒಂದಿಷ್ಟೂ ಸಡಿಲಗೊಳ್ಳದೆ ಹಿಡಿದರೆ ಪಕ್ಕೆಲುಬು ಮುರಿಯುತ್ತದೆ, ವಯಸ್ಸಾದವರಲ್ಲಿ ಇನ್ನೂ ಬೇಗ. ಅದಕ್ಕೇ ಲೋಡ್ ಲಿಮಿಟರ್. ಸುರುಳಿಯ ನಡುವೆ ಒಂದು ಉಕ್ಕಿನ ಸರಳು ಇರುತ್ತದೆ. ಎಳೆತ ನಿಗದಿತ ಮಟ್ಟ ಮುಟ್ಟಿದಾಗ ಆ ಸರಳು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತ ಪಟ್ಟಿಯನ್ನು ಹದವಾಗಿ ಹೊರಬಿಡುತ್ತದೆ. ಮಟ್ಟ ಕಾರಿನಿಂದ ಕಾರಿಗೆ ಬೇರೆ. ನಾಲ್ಕು ಕಿಲೋನ್ಯೂಟನ್ ಆಸುಪಾಸು ಎಂದರೆ ಭುಜದ ಪಟ್ಟಿಯಲ್ಲಿ ಸುಮಾರು 400 ಕಿಲೋ ತೂಕದ ಎಳೆತ. ಹೀಗೆ ಹೊರಬಿಟ್ಟಾಗ ಮುಂದಕ್ಕೆ ಬರುವ ತಲೆ ಮತ್ತು ಎದೆಯನ್ನು ಹಿಡಿದುಕೊಳ್ಳುವುದು ಏರ್‌ಬ್ಯಾಗ್. ಎದುರಿಗೆ ಚೀಲ ಇದೆ ಎಂಬ ಭರವಸೆ ಇರುವುದರಿಂದಲೇ ಲಿಮಿಟರ್ ಧಾರಾಳವಾಗಿ ಬಿಟ್ಟುಕೊಡಬಲ್ಲದು. ಬಿಗಿಯುವುದು, ಬಿಟ್ಟುಕೊಡುವುದು, ಹಿಡಿದುಕೊಳ್ಳುವುದು ಈ ಮೂರೂ ಕ್ರಮವಾಗಿ ನಡೆಯಬೇಕು.

ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದು, ಅದು ಕಾರುಗಳಲ್ಲಿ ಬಂದದ್ದು 1959ರಲ್ಲಿ. ಅದಾಗಿ ಎರಡು ದಶಕಗಳ ನಂತರ, 1981ರ ಹೊತ್ತಿಗೆ ಮರ್ಸಿಡಿಸ್ ಬೆಂಜ್ ತನ್ನ ಎಸ್ ಕ್ಲಾಸ್ ಕಾರಿನಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕೊಟ್ಟಾಗ ಪಕ್ಕದ ಪ್ರಯಾಣಿಕನಿಗೆ ಕೊಟ್ಟದ್ದು ಪ್ರಿಟೆನ್ಷನರ್. ನನಗೆ ಆ ಜೋಡಣೆ ಯಾವಾಗಲೂ ಅರ್ಥಪೂರ್ಣ ಎನಿಸುತ್ತದೆ. ಆ ಎಂಜಿನಿಯರುಗಳು ಅಂದೇ ಇವೆರಡನ್ನೂ ಒಂದೇ ವ್ಯವಸ್ಥೆಯ ಎರಡು ಕೈಗಳೆಂದು ನೋಡಿದ್ದರು.

ಬೆಲ್ಟಿನಲ್ಲಿ ಯಾವುದು ಮೇಲು?

ಕನಿಷ್ಠ ದರ್ಜೆಯದು ಸಾದಾ ಲಾಕ್ ಆಗುವ ಬೆಲ್ಟ್. ಗಕ್ಕನೆ ಎಳೆದರೆ ನಿಲ್ಲುತ್ತದೆ, ಆದರೆ ಇರುವ ಸಡಿಲನ್ನು ವಾಪಸು ಎಳೆದುಕೊಳ್ಳುವುದಿಲ್ಲ. ಮೇಲಿನ ಲೆಕ್ಕದ ಮೂರನೆಯ ವ್ಯಕ್ತಿ ಕುಳಿತಿರುವುದು ಇದರಲ್ಲೇ. ಹಾಗೆಂದು ಇದನ್ನು ಹಗುರವಾಗಿ ಕಾಣಬೇಡಿ. ಬೆಲ್ಟ್ ಧರಿಸುವುದರಿಂದ ಸಾವಿನ ಅಪಾಯ ಅರ್ಧದಷ್ಟು ತಗ್ಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ.

ಅದರ ಮೇಲಿನದು ಸುರುಳಿಯಲ್ಲಿ ಪ್ರಿಟೆನ್ಷನರ್ ಇರುವ ಬೆಲ್ಟ್. ಇದು ಭುಜದ ಕಡೆಯಿಂದ ಎಳೆಯುತ್ತದೆ. ಇನ್ನೊಂದು ಬಗೆಯದು ಬಕಲ್ ಪ್ರಿಟೆನ್ಷನರ್, ಬೆಲ್ಟ್ ಸಿಕ್ಕಿಸುವ ಬಕಲನ್ನೇ ಕೆಳಕ್ಕೆ ಜಗ್ಗುತ್ತದೆ. ಅದರಿಂದ ಭುಜದ ಪಟ್ಟಿ, ಸೊಂಟದ ಪಟ್ಟಿ ಎರಡೂ ಬಿಗಿಯಾಗುತ್ತವೆ. ಎರಡನ್ನೂ ಒಟ್ಟಿಗೆ ಇಟ್ಟರೆ ಅಥವಾ ಸುರುಳಿಯ ಜೊತೆಗೆ ಸೊಂಟದ ಪಟ್ಟಿಯ ತುದಿಗೂ ಒಂದು ಪ್ರಿಟೆನ್ಷನರ್ ಇಟ್ಟರೆ ಅದು ಜೋಡಿ ಪ್ರಿಟೆನ್ಷನರ್. ಆಯ್ಕೆ ಇದ್ದರೆ ಜೋಡಿಯನ್ನೇ ಆರಿಸಿ. ಸೊಂಟದ ಪಟ್ಟಿ ಗಟ್ಟಿ ಮೂಳೆಯ ಮೇಲೆ ಕೂರಬೇಕು. ಸಡಿಲವಿದ್ದರೆ ಢಿಕ್ಕಿಯಲ್ಲಿ ದೇಹ ಪಟ್ಟಿಯ ಅಡಿಯಿಂದ ಮುಂದಕ್ಕೆ ಜಾರಿ, ಪಟ್ಟಿ ಹೊಟ್ಟೆಯ ಮೇಲೆ ಏರುತ್ತದೆ. ಕರುಳು, ಗುಲ್ಮ, ಯಕೃತ್ತುಗಳಿಗೆ ಆಗುವ ಆ ಗಾಯ ಹೊರಗೆ ಕಾಣುವುದಿಲ್ಲ, ಪತ್ತೆಯಾಗುವುದೂ ತಡ. ಸೀಟನ್ನು ಹಿಂದಕ್ಕೆ ಒರಗಿಸಿ ಮಲಗಿದಂತೆ ಪ್ರಯಾಣಿಸುವ ಅಭ್ಯಾಸ ಇರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಎಂಥ ಪ್ರಿಟೆನ್ಷನರ್ ಇದ್ದರೂ ಆ ಭಂಗಿಯನ್ನು ಅದು ಸರಿಪಡಿಸಲಾರದು.

ಮೋಟಾರಿನಿಂದ ಎಳೆಯುವ ವಿದ್ಯುತ್ ಪ್ರಿಟೆನ್ಷನರ್ ಕೆಲವು ದುಬಾರಿ ಕಾರುಗಳಲ್ಲಿದೆ. ಜೋರಾಗಿ ಬ್ರೇಕ್ ಒತ್ತಿದಾಗಲೇ ಅದು ಪಟ್ಟಿಯನ್ನು ಬಿಗಿ ಮಾಡುತ್ತದೆ, ಅಪಾಯ ತಪ್ಪಿದರೆ ಮತ್ತೆ ಸಡಿಲಿಸುತ್ತದೆ. ಇದ್ದರೆ ಒಳ್ಳೆಯದು. ಆದರೆ ಇದು ಮದ್ದಿನ ಪ್ರಿಟೆನ್ಷನರಿನ ಜೊತೆಗೆ ಇರಬೇಕಾದದ್ದು, ಅದರ ಬದಲಿಗೆ ಇರಬೇಕಾದದ್ದಲ್ಲ.

ಏರ್‌ಬ್ಯಾಗುಗಳಲ್ಲಿ ಯಾವುದಕ್ಕೆ ಮಹತ್ವ?

ಮುಂದಿನ ಎರಡು ಏರ್‌ಬ್ಯಾಗುಗಳ ವಿಷಯದಲ್ಲಿ ಚರ್ಚೆಯೇ ಬೇಡ, ಇರಲೇಬೇಕು. ಗುದ್ದಿದ 15ರಿಂದ 20 ಮಿಲಿಸೆಕೆಂಡಿನೊಳಗೆ ನಿಯಂತ್ರಣ ಪೆಟ್ಟಿಗೆ ತೀರ್ಮಾನ ಮಾಡುತ್ತದೆ, ಅನಂತರದ 20ರಿಂದ 30 ಮಿಲಿಸೆಕೆಂಡುಗಳಲ್ಲಿ ಚೀಲ ತುಂಬುತ್ತದೆ. ಚಾಲಕನ ಚೀಲದ ಗಾತ್ರ ಸುಮಾರು 60 ಲೀಟರ್. ಪ್ರಯಾಣಿಕನದು ಅದಕ್ಕಿಂತ ಬಹಳ ದೊಡ್ಡದು, ಏಕೆಂದರೆ ಡ್ಯಾಶ್‌ಬೋರ್ಡ್ ದೂರದಲ್ಲಿದೆ. ಚೀಲದ ಹಿಂಬದಿಯಲ್ಲಿ ರಂಧ್ರಗಳಿರುತ್ತವೆ. ತಲೆ ಬಂದು ಒತ್ತಿದಂತೆ ಅನಿಲ ಅಲ್ಲಿಂದ ಹೊರಹೋಗುತ್ತದೆ. ಆ ರಂಧ್ರಗಳಿಲ್ಲದಿದ್ದರೆ ತಲೆ ಚೆಂಡಿಗೆ ಬಡಿದಂತೆ ಹಿಂದಕ್ಕೆ ಚಿಮ್ಮುತ್ತಿತ್ತು. ಈ ಎರಡು ಚೀಲಗಳು ಬಹುತೇಕ ಎಲ್ಲ ಹೊಸ ಕಾರುಗಳಲ್ಲೂ ಇರುವುದರಿಂದ ಹೋಲಿಕೆಯ ಪ್ರಶ್ನೆ ಶುರುವಾಗುವುದು ಮೂರನೆಯ ಚೀಲದಿಂದ.

ಪಕ್ಕದಿಂದ ಬರುವ ಢಿಕ್ಕಿಯಲ್ಲಿ ಬೆಲ್ಟ್ ಮತ್ತು ಪ್ರಿಟೆನ್ಷನರ್ ಎರಡೂ ದುರ್ಬಲ. ಮುಂದೆ 60 ಸೆಂಟಿಮೀಟರ್ ಲೋಹ ಇತ್ತು. ಪಕ್ಕದಲ್ಲಿ ಇರುವುದು ಒಂದು ಬಾಗಿಲು, ಒಂದು ಗಾಜು. ಬಾಗಿಲ ಕಡೆಗೆ ಹೋಗುವ ತಲೆಯನ್ನು ಯಾವ ಪಟ್ಟಿಯೂ ಹಿಡಿದು ನಿಲ್ಲಿಸುವುದಿಲ್ಲ. ಇಲ್ಲಿ ಮಾತ್ರ ಏರ್‌ಬ್ಯಾಗ್ ಪೂರಕದ ಸ್ಥಾನದಿಂದ ಮೇಲೆದ್ದು ಮುಖ್ಯ ರಕ್ಷಕನಾಗುತ್ತದೆ, ಅದಕ್ಕೆ ಸಿಗುವ ಸಮಯವೂ 10ರಿಂದ 20 ಮಿಲಿಸೆಕೆಂಡು ಮಾತ್ರ. ಸೀಟಿನ ಅಂಚಿನಿಂದ ಬರುವ ಚೀಲ ಎದೆಗೂಡನ್ನು ಕಾಯುತ್ತದೆ. ಛಾವಣಿಯ ಅಂಚಿನಿಂದ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ತಲೆಯನ್ನು ಕಾಯುತ್ತದೆ. ಎರಡರಲ್ಲಿ ಒಂದೇ ಸಿಗುವುದಾದರೆ ತಲೆ ಕಾಯುವುದನ್ನು ಆರಿಸಿ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಅಲ್ಲಿನ ಅಪಘಾತಗಳನ್ನು ಪರಿಶೀಲಿಸಿ ಕಂಡುಕೊಂಡದ್ದು ಹೀಗೆ: ಚಾಲಕನ ಬದಿಗೆ ಬಿದ್ದ ಢಿಕ್ಕಿಗಳಲ್ಲಿ, ತಲೆಗೂ ರಕ್ಷಣೆ ಕೊಡುವ ಪಕ್ಕದ ಏರ್‌ಬ್ಯಾಗ್ ಇದ್ದ ಕಾರುಗಳ ಚಾಲಕರ ಸಾವಿನ ಅಪಾಯ ಶೇ 37ರಷ್ಟು ತಗ್ಗಿತ್ತು, ಎಸ್‌ಯುವಿ ಚಾಲಕರದು ಶೇ 52ರಷ್ಟು. ಎದೆಗೆ ಮಾತ್ರ ರಕ್ಷಣೆ ಇದ್ದ ಕಾರುಗಳಲ್ಲಿ ಶೇ 26. ಕರ್ಟನ್ ಚೀಲಕ್ಕೆ ಇನ್ನೊಂದು ಗುಣವೂ ಇದೆ. ಕಾರು ಪಲ್ಟಿಯಾಗುವಾಗಲೂ ನೆರವಾಗುವಂತೆ ರೂಪಿಸಿದ್ದರೆ ಅದು ಹಲವು ಸೆಕೆಂಡು ಉಬ್ಬಿಕೊಂಡೇ ಇದ್ದು, ತಲೆ ಮತ್ತು ತೋಳು ಕಿಟಕಿಯಿಂದ ಹೊರಗೆ ಹೋಗದಂತೆ ತಡೆಯುತ್ತದೆ. ಅದು ಹಿಂದಿನ ಕಿಟಕಿಯವರೆಗೂ, ಮೂರು ಸಾಲಿನ ಕಾರಾದರೆ ಮೂರನೆಯ ಸಾಲಿನವರೆಗೂ ಚಾಚುತ್ತದೆಯೇ ಎಂದು ಕೇಳಿ. ‘ಆರು ಏರ್‌ಬ್ಯಾಗ್’ ಎಂಬ ಮಾತಿನಲ್ಲಿ ಈ ಉತ್ತರ ಇರುವುದಿಲ್ಲ.

ಮೊಣಕಾಲಿನ ಏರ್‌ಬ್ಯಾಗಿಗಾಗಿ ಮೇಲಿನ ಮಾದರಿಗೆ ಹೋಗಬೇಡಿ. ಗಾಯ ತಗ್ಗಿಸುವುದರಲ್ಲಿ ಅದರ ಪಾಲು ನಗಣ್ಯ ಎಂದು ಅದೇ ಸಂಸ್ಥೆ 2019ರಲ್ಲಿ ಹೇಳಿದೆ. ಮುಂದಿನ ಎರಡು ಸೀಟುಗಳ ನಡುವೆ ಉಬ್ಬುವ ಮಧ್ಯದ ಏರ್‌ಬ್ಯಾಗ್ ಇದಕ್ಕಿಂತ ಉಪಯುಕ್ತ. ಪಕ್ಕದಿಂದ ಗುದ್ದಿದಾಗ ಮುಂದಿನ ಇಬ್ಬರ ತಲೆಗಳು ಒಂದಕ್ಕೊಂದು ಬಡಿಯದಂತೆ ಅದು ತಡೆಯುತ್ತದೆ. ಯುರೋಪಿನ ಕಾರು ಸುರಕ್ಷತಾ ಪರೀಕ್ಷಾ ಕಾರ್ಯಕ್ರಮ ಯೂರೋ ಎನ್‌ಕ್ಯಾಪ್ 2020ರಿಂದ ಈ ಅಂಶಕ್ಕೂ ಅಂಕ ಕೊಡುತ್ತಿದೆ.

ಹಿಂದಿನ ಸೀಟಿನವರು

ಇಷ್ಟರವರೆಗೆ ಓದಿದವರಿಗೆ ಒಂದು ವಿಷಯ ಹೊಳೆದಿರಬಹುದು. ಪ್ರಿಟೆನ್ಷನರ್, ಲಿಮಿಟರ್, ಎದುರಿನ ಚೀಲ ಎಲ್ಲವೂ ಬಂದದ್ದು ಮುಂದಿನ ಸೀಟಿಗೆ. ಹಿಂದಿನ ಸೀಟಿನಲ್ಲಿ ಅನೇಕ ಕಾರುಗಳು ಇಂದಿಗೂ ಸಾದಾ ಬೆಲ್ಟನ್ನೇ ಕೊಡುತ್ತವೆ. ಹಿಂದೆ ಕುಳಿತರೆ ಸುರಕ್ಷಿತ ಎಂಬ ನಮ್ಮ ನಂಬಿಕೆ ಹಳೆಯ ಕಾರುಗಳ ಕಾಲದ್ದು. 2007ರ ನಂತರದ ಮಾದರಿಗಳನ್ನು ಐಐಎಚ್‌ಎಸ್ ಪರಿಶೀಲಿಸಿದಾಗ, ಬೆಲ್ಟ್ ಧರಿಸಿದವರ ಪೈಕಿ ಹಿಂದೆ ಕುಳಿತವರಿಗೆ ಮಾರಣಾಂತಿಕ ಗಾಯದ ಅಪಾಯ ಮುಂದೆ ಕುಳಿತವರಿಗಿಂತ ಶೇ 46ರಷ್ಟು ಹೆಚ್ಚು ಎಂದು ಕಂಡುಬಂತು. ಹಿಂದಿನ ಸೀಟು ಕೆಟ್ಟಿತು ಎಂದು ಇದರ ಅರ್ಥವಲ್ಲ, ಮುಂದಿನದು ಬಹಳ ಸುಧಾರಿಸಿತು, ಹಿಂದಿನದು ಇದ್ದಲ್ಲೇ ಉಳಿಯಿತು. ಮಕ್ಕಳಿಗೆ ಮಾತ್ರ ಇಂದಿಗೂ ಹಿಂದಿನ ಸೀಟೇ ಸರಿಯಾದ ಜಾಗ.

ಮನೆಯ ಹಿರಿಯರನ್ನು ಗೌರವದಿಂದ ಹಿಂದೆ ಕೂರಿಸುತ್ತೇವೆ. ಅವರ ಎದೆಗೂಡಿನ ಮೂಳೆಗಳೇ ಎಲ್ಲರಿಗಿಂತ ಮೆದು. ಅವರಿಗೇ ಲೋಡ್ ಲಿಮಿಟರ್ ಇಲ್ಲದ ಬೆಲ್ಟ್ ಹಾಕುತ್ತೇವೆ. ಇದು ನನ್ನನ್ನು ನಿಜಕ್ಕೂ ಕಾಡುವ ಸಂಗತಿ. ಹಾಗಾಗಿ ನನ್ನ ತೀರ್ಪು ಸ್ಪಷ್ಟ: ಎರಡು ಕಾರುಗಳಲ್ಲಿ ಮುಂದಿನ ಏರ್‌ಬ್ಯಾಗ್ ಮತ್ತು ಕರ್ಟನ್ ಸಮವಾಗಿದ್ದು, ಒಂದರಲ್ಲಿ ಮೊಣಕಾಲಿನ ಚೀಲವೂ ಇನ್ನೊಂದರಲ್ಲಿ ಹಿಂದಿನ ಅಂಚಿನ ಸೀಟುಗಳಿಗೆ ಪ್ರಿಟೆನ್ಷನರ್ ಮತ್ತು ಲಿಮಿಟರ್ ಕೂಡ ಇದ್ದರೆ, ಚೀಲದ ಎಣಿಕೆ ಒಂದು ಕಡಿಮೆಯಾದರೂ ಎರಡನೆಯದನ್ನೇ ಕೊಳ್ಳಿ. ಒಂದರಲ್ಲಿ ಕರ್ಟನ್ ಇದ್ದು ಹಿಂದೆ ಪ್ರಿಟೆನ್ಷನರ್ ಇಲ್ಲ, ಇನ್ನೊಂದರಲ್ಲಿ ಹಿಂದೆ ಪ್ರಿಟೆನ್ಷನರ್ ಇದ್ದು ಕರ್ಟನ್ ಇಲ್ಲ ಎಂಬ ಇಕ್ಕಟ್ಟು ಬಂದರೆ ನಾನು ಕರ್ಟನ್ ಕಡೆಗೆ ವಾಲುತ್ತೇನೆ. ಹಿಂದೆ ಸಾದಾ ಬೆಲ್ಟನ್ನು ಕೈಯಿಂದಲೇ ಎಳೆದು ಬಿಗಿ ಮಾಡಿಕೊಳ್ಳಬಹುದು. ತಲೆಯ ಪಕ್ಕದ ಗಾಜಿಗೆ ನಾವು ಮಾಡಿಕೊಳ್ಳಬಹುದಾದದ್ದು ಏನೂ ಇಲ್ಲ. ಅಪಘಾತ ಪರೀಕ್ಷೆಯ ಅಂಕ ನೋಡುವಾಗಲೂ ಯಾವ ವೇರಿಯಂಟನ್ನು ಪರೀಕ್ಷಿಸಿದ್ದಾರೆ, ಯಾವ ವರ್ಷದ ನಿಯಮದಂತೆ ಎಂಬುದನ್ನು ಓದಿ. ಐಐಎಚ್‌ಎಸ್ 2022ರಿಂದ ತನ್ನ ಮುಂಭಾಗದ ಢಿಕ್ಕಿ ಪರೀಕ್ಷೆಯೊಂದರಲ್ಲಿ ಹಿಂದಿನ ಸೀಟಿಗೂ ಬೊಂಬೆ ಕೂರಿಸುತ್ತಿದೆ. ಅಂಥ ಪರೀಕ್ಷೆಯ ಫಲಿತಾಂಶ ಸಿಕ್ಕರೆ ಅದಕ್ಕೆ ಹೆಚ್ಚು ಬೆಲೆ ಕೊಡಿ.

ಕೊಂಡ ಮೇಲೆ ಕೆಡಿಸಿಕೊಳ್ಳುವ ಬಗೆ

ಬೆಲ್ಟ್ ಹಾಕದಿದ್ದಾಗ ಬರುವ ಸದ್ದನ್ನು ನಿಲ್ಲಿಸಲು ಬಕಲಿಗೆ ಸಿಕ್ಕಿಸುವ ಖಾಲಿ ನಾಲಗೆಗಳು ಸಿಗುತ್ತವೆ. ಅವುಗಳಿಂದಾಗುವ ಹಾನಿ ಬೆಲ್ಟ್ ತಪ್ಪುವುದಕ್ಕಷ್ಟೇ ಸೀಮಿತವಲ್ಲ. ಹಲವು ಕಾರುಗಳು ಬೆಲ್ಟ್ ಹಾಕದವರಿಗೆ ಏರ್‌ಬ್ಯಾಗನ್ನು ಗಂಟೆಗೆ 16ರಿಂದ 19 ಕಿಲೋಮೀಟರ್ ವೇಗದ ಗೋಡೆ ಢಿಕ್ಕಿಗೆ ಸಮನಾದ ಹೊಡೆತಕ್ಕೇ ಸಿಡಿಸುತ್ತವೆ. ಬೆಲ್ಟ್ ಹಾಕಿದವರಿಗೆ ಸುಮಾರು 26 ಕಿಲೋಮೀಟರ್ ತನಕ ಕಾಯುತ್ತವೆ, ಅಲ್ಲಿಯವರೆಗೆ ಬೆಲ್ಟೇ ಸಾಕು ಎಂಬ ಲೆಕ್ಕ ಅದು. ಖಾಲಿ ನಾಲಗೆ ಸಿಕ್ಕಿಸಿದವರು ಬೆಲ್ಟ್ ಹಾಕಿದ್ದೇನೆ ಎಂದು ಕಾರಿಗೆ ಸುಳ್ಳು ಹೇಳುತ್ತಾರೆ. ಕಾರು ಅದನ್ನು ನಂಬಿ ಕಾಯುತ್ತದೆ.

ಎದೆಮೂಳೆಗೂ ಸ್ಟೀರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಲಿ. ಗಿಡ್ಡಗಿರುವವರು ಸೀಟನ್ನು ತುಸು ಎತ್ತರಿಸಿ ಹಿಂದಕ್ಕೆ ಸರಿಸಿದರೆ ಇದು ಸಾಧ್ಯವಾಗುತ್ತದೆ. ಅಮೆರಿಕದಲ್ಲಿ 1990ರಿಂದ 2008ರವರೆಗೆ ಕಡಿಮೆ ವೇಗದ ಅಪಘಾತಗಳಲ್ಲಿ ಮುಂದಿನ ಏರ್‌ಬ್ಯಾಗ್ ಸಿಡಿದ ಹೊಡೆತಕ್ಕೇ 290ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವು 1998ಕ್ಕಿಂತ ಹಳೆಯ ಕಾರುಗಳು, ಹೆಚ್ಚಿನವರು ಬೆಲ್ಟ್ ಹಾಕಿರಲಿಲ್ಲ ಅಥವಾ ಸರಿಯಾಗಿ ಹಾಕಿರಲಿಲ್ಲ. ಆಗಿನ ಚೀಲಗಳನ್ನು ಬೆಲ್ಟ್ ಇಲ್ಲದ ದೊಡ್ಡಾಳಿನ ಬೊಂಬೆಯನ್ನು ತಡೆಯುವಷ್ಟು ಬಲವಾಗಿ ಮಾಡಲಾಗಿತ್ತು. ಹಿಮ್ಮುಖವಾಗಿ ಕೂರಿಸುವ ಶಿಶುವಿನ ಸೀಟನ್ನು, ಚಾಲೂ ಇರುವ ಏರ್‌ಬ್ಯಾಗಿನ ಎದುರು ಎಂದಿಗೂ ಇಡಬೇಡಿ. ಚೀಲ ಬಂದು ಬಡಿಯುವುದು ಮಗುವಿನ ತಲೆಯ ಹಿಂದೆಯೇ.

ಸೀಟಿಗೆ ಹೊಲಿಸುವ ದಪ್ಪ ಕವರ್ ಪಕ್ಕದ ಏರ್‌ಬ್ಯಾಗಿನ ದಾರಿ ಮುಚ್ಚಬಲ್ಲದು. ಸೀಟಿನ ಅಂಚಿನಲ್ಲಿ ‘ಏರ್‌ಬ್ಯಾಗ್’ ಎಂಬ ಪಟ್ಟಿ ಕಂಡರೆ ಅದಕ್ಕೆಂದೇ ಮಾಡಿದ ಕವರ್ ಮಾತ್ರ ಹಾಕಿಸಿ.

ಬಳಸಿದ ಕಾರು ಕೊಳ್ಳುವಾಗ

ಏರ್‌ಬ್ಯಾಗ್, ಪ್ರಿಟೆನ್ಷನರ್ ಎರಡೂ ಒಂದೇ ಸಲ ಕೆಲಸ ಮಾಡುವಂಥವು. ಒಮ್ಮೆ ಸಿಡಿದರೆ ಬದಲಿಸಲೇಬೇಕು. ಏರ್‌ಬ್ಯಾಗ್ ಸಿಡಿದದ್ದು ಎಲ್ಲರಿಗೂ ಕಾಣುತ್ತದೆ, ಪ್ರಿಟೆನ್ಷನರ್ ಸಿಡಿದದ್ದು ಕಾಣುವುದಿಲ್ಲ. ನಾನು ಒಮ್ಮೆ ನೋಡಲು ಹೋಗಿದ್ದ ಕಾರು ಹೊರಗಿನಿಂದ ಮಿರಮಿರ ಮಿಂಚುತ್ತಿತ್ತು. ಚಾಲಕನ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಭುಜದ ಮೇಲೆ ಪಟ್ಟಿ ಹಾದುಹೋಗುವ ಪ್ಲಾಸ್ಟಿಕ್ ಕುಣಿಕೆಯಲ್ಲಿ ಉಗುರಿನಿಂದ ಕೆರೆದಂತೆ ಅಡ್ಡಗೆರೆಗಳಿದ್ದವು. ಪಟ್ಟಿಯಲ್ಲಿ ಅದಕ್ಕೆ ಸರಿಯಾಗಿ ಒಂದು ಗೇಣಿನಷ್ಟು ಜಾಗ ಕರಗಿ ಗಟ್ಟಿಯಾದಂತೆ ಹೊಳೆಯುತ್ತಿತ್ತು, ಬೆರಳಾಡಿಸಿದರೆ ಒರಟು. ಒಬ್ಬರ ದೇಹದ ಪೂರ್ತಿ ಭಾರ ಆ ಪಟ್ಟಿಯ ಮೇಲೆ ಬಿದ್ದಾಗ ಉಜ್ಜಿ ಉಂಟಾದ ಗುರುತು ಅದು. ಅಪಘಾತವೇ ಆಗಿಲ್ಲ ಎಂದು ಮಾರುವವರು ಹೇಳುತ್ತಲೇ ಇದ್ದರು.

ಕೀ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ವ್ಯವಸ್ಥೆಯಲ್ಲಿ ದೋಷ ಇದೆ. ಹೊತ್ತಲೇ ಇಲ್ಲವೆಂದರೆ ಇನ್ನೂ ಅನುಮಾನಾಸ್ಪದ, ದೋಷ ಮುಚ್ಚಿಡಲು ದೀಪವನ್ನೇ ಕಿತ್ತಿರಬಹುದು. ಕೊನೆಯದಾಗಿ ಚಾಸಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ಬಾಕಿ ಇರುವ ರೀಕಾಲ್, ಅಂದರೆ ದೋಷ ಸರಿಪಡಿಸಲು ತಯಾರಕರು ಕೊಟ್ಟ ವಾಪಸು ಕರೆ, ಇದೆಯೇ ನೋಡಿ. ತಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಬಳಸಿದ್ದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಬಿಸಿಲು ಮತ್ತು ತೇವದಲ್ಲಿ ಕೆಟ್ಟು, ಸಿಡಿಯುವಾಗ ಲೋಹದ ಚೂರುಗಳನ್ನು ಎರಚುತ್ತಿತ್ತು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ಹಿಂಪಡೆಯಬೇಕಾಯಿತು, ಕಂಪನಿ 2017ರಲ್ಲಿ ದಿವಾಳಿಯಾಯಿತು. ಹಳೆಯ ಕಾರುಗಳಲ್ಲಿ ಬದಲಿಸದೆ ಉಳಿದ ಅಂಥ ಚೀಲಗಳು ಇನ್ನೂ ಓಡಾಡುತ್ತಿವೆ. ನೀವು ನೋಡಿದ ಕಾರು ರೀಕಾಲ್ ಆದವುಗಳಲ್ಲಿ ಒಂದಾದರೆ ಚೀಲ ಬದಲಾದ ದಾಖಲೆ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ.